ಎರಡು ಪಾಯಿಂಟ್ ಹನ್ನೊಂದು

ನಮ್ಮ ಒಹಾಯೊದ ಮರಮುಟ್ಟಿನ ಅಂಗಡಿಯಲ್ಲಿ ಸಾಮಾನು ವಾಪಸ್ ಕೊಡುವ ಸಾಲು. ನನ್ನ ಮುಂದೆ ಗಂಡ ಹೆಂಡತಿ. ಅವರ ತಳ್ಳುಗಾಡಿಯಲ್ಲಿ ಹೊಚ್ಚ ಹೊಸದೊಂದು ಸಪೂರ ಬಾಗಿಲು.

"ಇದು ಬಚ್ಚಲಿನ ಬಾಗಿಲೋ, ಪೊರಕೆ ಇಡೋ ಬೀರುವಿನ ಕದವೋ, ವರ್ನಾನ್?"

"ನಾನು ಎರಡಡಿ ಹನ್ನೊಂದಿಂಚು ಅಂತಲೇ ಹೇಳಿದ್ದು, ಲೊರೆಟಾ."

"ಆರ್ಡರ್ ಮಾಡುವಾಗ ಫೋನಲ್ಲಿ ಏನಂತ ಒತ್ತಿದೆ?"

"ಎರಡು ಪಾಯಿಂಟ್ ಹನ್ನೊಂದು ಅಡಿ."

"ಅಯ್ಯೋ ನಿನ್ನ! ಅಡಿಯನ್ನ ನೂರು ಪಾಲು ಮಾಡಿ ಅದರಲ್ಲಿ ಹನ್ನೊಂದು ಅಂತ ಅದರ ಅರ್ಥ, ಮಾರಾಯ. ಒಂದಿಂಚು ಚಿಲ್ಲರೆ ಅಷ್ಟೇ!"

"ನಮ್ಮಪ್ಪನೂ ಹೀಗೇ ಬರೀತಿದ್ದ."

"ಅವರು ಗೋಡೆ ಮೇಲೆ ಪೆನ್ಸಿಲಲ್ಲಿ ತಮಗೋಸ್ಕರ ಬರ್ಕೊಳ್ತಿದ್ರು. ಕಾರ್ಖಾನೆಗಲ್ಲ."

"ಸಾಕು, ಎಲ್ಲರೂ ಕೇಳಿಸ್ಕೊಳ್ತಿದ್ದಾರೆ."

"ಕೇಳಿಸ್ಕೊಳ್ಳಲಿ! ಗೋಡೆ ಒಡೆದು ದಾರಿ ಅಗಲ ಮಾಡಿಯಾಯ್ತು. ಸಂಜೆ ಅಮ್ಮ ಆಸ್ಪತ್ರೆಯಿಂದ ಗಾಲಿಕುರ್ಚೀಲಿ ಬರ್ತಾಳೆ. ಬಾಗಿಲಿಲ್ಲದ ಬಚ್ಚಲಿಗೆ ಹೋಗ್ಬೇಕಾ ಅವಳು?"

ಕೌಂಟರಿನ ಹೆಂಗಸು ರಸೀದಿ ನೋಡಿ, ಅಳತೆ ಕೊಟ್ಟು ಮಾಡಿಸಿದ್ದನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದಳು.

"ಸದ್ಯಕ್ಕೆ ಒಂದು ಪರದೆ ಕಟ್ಟೋಣ," ಎಂದ ವರ್ನಾನ್. "ಎಷ್ಟಗಲ ಬೇಕು?"

ಲೊರೆಟಾ ಅಂಕಿ ಹೇಳಲು ಹೋದಳು, ಬೇಡವೆಂದು ಬಿಟ್ಟಳು. ಎರಡೂ ಕೈ ಅಗಲಿಸಿ ತೋರಿಸಿದಳು. ಆ ಕೈಗಳನ್ನು ಒಂದಿಷ್ಟೂ ಅಲುಗಿಸದೆ ಹಾಗೇ ಹಿಡಿದುಕೊಂಡು ಪರದೆ ಬಟ್ಟೆಗಳ ಕಡೆ ನಡೆದಳು. ವರ್ನಾನ್ ಬಾಗಿಲು ತಳ್ಳಿಕೊಂಡು ಹಿಂದೆ ಹೋದ.