ಸ್ಕ್ರೂ ಬಿಚ್ಚುವ ಇಲಿ

ಹೇಳಿಕೆ ಕೊಡುವವನು: ಬೀದಿಯವರೆಲ್ಲ ಟೇಪು ಮಾಮ ಎಂದು ಕರೆಯುವ ನಾನು. ವಯಸ್ಸು ಅರವತ್ತೊಂದು. ಕಸುಬು: ಜಮೀನು ಅಳೆಯುವ ಸರ್ವೇಯರ್. ಈಗ ನಿವೃತ್ತ, ಆದರೆ ಟೇಪು ಇನ್ನೂ ಜೇಬಿನಲ್ಲಿದೆ. ವಿಳಾಸ: ಮೂರನೇ ಅಡ್ಡರಸ್ತೆಯ ಕೊನೆಯ ಮನೆ, ಮೂಲೆಯ ದೀಪದ ಕಂಬದಿಂದ ಹದಿನೇಳೂವರೆ ಮೀಟರ್. ಮನೆಯಲ್ಲಿ ವಾಸಿಸುವವರ ಸಂಖ್ಯೆ: ಒಂದು.

ಯಾರೂ ಕರೆಯದೆ, ನಾನಾಗಿಯೇ ಠಾಣೆಗೆ ನಡೆದು ಬಂದು, ಕುರ್ಚಿ ಕೊಟ್ಟ ಮೇಲೆ ಕೂತು, ಈ ಮೂಲಕ ತಿಳಿಸುವುದೇನೆಂದರೆ,

ನನ್ನ ಮನೆಯನ್ನು ಬೆಚ್ಚಗಿಡುವ ಹೀಟ್ ಪಂಪ್ ನವೆಂಬರ್‌ನಿಂದ ಫೆಬ್ರವರಿಯವರೆಗೆ ಹತ್ತು ಸಲ ಕೆಟ್ಟಿದೆ. ಅದನ್ನು ಕೂರಿಸಿದ ಮೆಕ್ಯಾನಿಕ್ಕೇ ಬೇಕೆಂದು ಕೆಡಿಸಿ, ತಾನೇ ಬಂದು ಸರಿಮಾಡಿ, ಕೆಲಸ ಮಾಡಿದ ಲೆಕ್ಕ ತೋರಿಸುತ್ತಿದ್ದಾನೆ ಎಂದು ಕಂಪನಿಯವರು ಇದೇ ಠಾಣೆಯಲ್ಲಿ ದೂರು ಕೊಟ್ಟಿದ್ದಾರೆ. ಆತನನ್ನು ಕೆಲಸದಿಂದ ನಿಲ್ಲಿಸಿ ಇಂದಿಗೆ ಹನ್ನೆರಡು ದಿನ. ಕೆಡಿಸಿದ್ದು ಆತನಲ್ಲ, ನಾನು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡವನ ಕಥೆ ಎಲ್ಲರಿಗೂ ಗೊತ್ತು. ನಾನು ಹೆಗಲು ತೋರಿಸುವುದಕ್ಕೆಂದೇ ಬಂದಿದ್ದೇನೆ.

ಇಷ್ಟು ಹೇಳುವಷ್ಟರಲ್ಲಿ ಬರೆದುಕೊಳ್ಳುತ್ತಿದ್ದ ಮುಖ್ಯಪೇದೆಯವರು ಪೆನ್ನು ಕೆಳಗಿಟ್ಟು, ‘ಯಜಮಾನ್ರೇ, ಮೊದಲಿಂದ ಹೇಳಿ. ನೀವು ಬಾಲದಿಂದ ಶುರು ಮಾಡಿದ್ರೆ ನನಗೆ ಕಾಗದ ದಂಡ’ ಎಂದರು. ಆದ್ದರಿಂದ ಮೊದಲಿಂದ.

ನಾನು ಮದುವೆಯಾದವನಲ್ಲ. ನನ್ನ ಅಕ್ಕನೂ ಆಗಿರಲಿಲ್ಲ. ಮೂವತ್ತೆರಡು ವರ್ಷ ಇಬ್ಬರೂ ಒಂದೇ ಮನೆಯಲ್ಲಿ ಜಗಳವಾಡಿಕೊಂಡು ಸುಖವಾಗಿದ್ದೆವು. ಕಳೆದ ವರ್ಷ, ತನ್ನ ಅರವತ್ತನಾಲ್ಕನೇ ವಯಸ್ಸಿನಲ್ಲಿ, ಅಕ್ಕ ಹಲ್ಲು ತೋರಿಸಲು ಹೋದವಳು ಹಲ್ಲಿನ ಡಾಕ್ಟರನ್ನು ಒಪ್ಪಿ ಬಂದಳು. ಅವರ ಊರು ಇಲ್ಲಿಂದ ನೂರ ನಲವತ್ತು ಕಿಲೋಮೀಟರ್. ಹೊರಡುವ ಮೊದಲು ಅವಳು, ‘ಒಬ್ಬನೇ ಇರೋಕಾಗಲ್ಲ ಅಂತ ಒಂದು ಮಾತು ಹೇಳೋ, ಎಲ್ಲಾ ನಿಲ್ಲಿಸಿಬಿಡ್ತೀನಿ’ ಎಂದಳು. ನಾನು, ‘ಹೋಗೇ ಅಕ್ಕ, ನನಗೇನು ಕೈಕಾಲಿಲ್ವಾ’ ಎಂದೆ. ಕೈಕಾಲು ಇರುವುದು ನಿಜ.

ನನಗೆ ಚಳಿ ತಡೆಯುವುದಿಲ್ಲವೆಂದು ಅಕ್ಕ ತನ್ನ ಹೆಸರಿನಲ್ಲೇ ಹೀಟ್ ಪಂಪ್ ಕೊಂಡು, ಕೂರಿಸಿಕೊಟ್ಟು ಹೋದಳು. ಹೊರಗಿನ ಗಾಳಿಯಲ್ಲಿ ಅಳಿದುಳಿದ ಶಾಖವನ್ನು ಹೀರಿ ಮನೆಯೊಳಗೆ ತಳ್ಳುವ ಯಂತ್ರ ಇದು. ಬೇಸಿಗೆಯಲ್ಲಿ ಉಲ್ಟಾ ಕೆಲಸ ಮಾಡಿ ಮನೆ ತಂಪಾಗಿಸುತ್ತದೆ. ಫ್ಯಾನು, ಕಂಪ್ರೆಸರ್, ಸುರುಳಿ ಕೊಳವೆಯ ಕಾಯಿಲ್ಲು ಎಲ್ಲವೂ ಒಂದೇ ಪೆಟ್ಟಿಗೆಯಲ್ಲಿ, ಪೆಟ್ಟಿಗೆ ಮನೆಯ ಹೊರಗೆ. ಒಳಗೆ ಬರುವುದು ಗಾಳಿಯ ಕೊಳವೆ ಮತ್ತು ಗೋಡೆಯ ಮೇಲಿನ ಒಂದು ಸ್ವಿಚ್ಚು ಮಾತ್ರ. ಮಾರಲು ಬಂದವನು, ‘ರಿಪೇರಿಗೆ ಬಂದೋರು ನಿಮ್ಮ ಹೊಸಿಲೂ ತುಳಿಯಲ್ಲಮ್ಮ’ ಎಂದು ಹೆಮ್ಮೆಯಿಂದ ಹೇಳಿದ. ನೆಲ ಒರೆಸುವ ಕೆಲಸ ಉಳಿಯಿತೆಂದು ಅಕ್ಕ ಖುಷಿಪಟ್ಟಳು. ಹೊಸಿಲು ತುಳಿಯಲು ಮನೆಗೆ ಬೇರೆ ಯಾರು ಬರುತ್ತಾರೆಂದು ಆಗ ಯಾರೂ ಕೇಳಲಿಲ್ಲ.

ಅಕ್ಟೋಬರ್ ಹದಿನಾಲ್ಕರಂದು ಬೆಳಿಗ್ಗೆ ಒಂಬತ್ತಕ್ಕೆ ಮೆಕ್ಯಾನಿಕ್ ಬಂದ. ವಯಸ್ಸು ನಲವತ್ತರ ಆಸುಪಾಸು, ಮಾತು ಜಾಸ್ತಿ. ಹಿಂದಿನ ಗೋಡೆಯಿಂದ ಅರವತ್ತೆರಡು ಸೆಂಟಿಮೀಟರ್ ಬಿಟ್ಟು ಕಾಂಕ್ರೀಟ್ ಕಟ್ಟೆ ಹಾಕಿಸಿದ್ದ. ನಾನು ನನ್ನ ಮಟ್ಟಗೋಲು ತಂದಿಟ್ಟು, ಕಟ್ಟೆ ಮೂರು ಮಿಲಿಮೀಟರ್ ವಾಲಿದೆ ಎಂದೆ. ‘ಸಾರ್, ಇದು ಯಂತ್ರ, ಮದುವೆ ಹೆಣ್ಣಲ್ಲ’ ಎಂದ. ಆದರೂ ಕೆಳಗೆ ತಗಡು ಕೊಟ್ಟು ಸರಿಮಾಡಿದ. ಅಂದಿನಿಂದ ನಾನು ಅವನಿಗೆ ಸಾರ್ ಅಲ್ಲ, ಮಾಮ.

ಅಕ್ಟೋಬರ್ ಇಪ್ಪತ್ತಮೂರಕ್ಕೆ ಅಕ್ಕ ಮದುವೆಯಾಗಿ ಡಾಕ್ಟರ ಊರಿಗೆ ಹೋದಳು. ನವೆಂಬರ್ ಆರರಂದು ಯಂತ್ರ ನಿಂತಿತು. ಆ ಮೊದಲ ಸಲ ಕೆಡಿಸಿದ್ದು ಅಪ್ಪಟ ಇಲಿ. ಗೋಡೆಯ ಸ್ವಿಚ್ಚಿನಿಂದ ಹೊರಗಿನ ಪೆಟ್ಟಿಗೆಗೆ ಹೋಗುವ ತೆಳು ತಂತಿಯನ್ನು ಕಡಿದಿತ್ತು. ದಯವಿಟ್ಟು ಆ ಒಂದನ್ನು ನನ್ನ ಲೆಕ್ಕದಿಂದ ಕಳೆಯಬೇಕು.

ಮೆಕ್ಯಾನಿಕ್ ಹತ್ತು ನಲವತ್ತಕ್ಕೆ ಬಂದು ತಂತಿ ಬದಲಿಸಿ, ನನ್ನನ್ನು ಒಳಗೆ ಸ್ವಿಚ್ಚಿನ ಹತ್ತಿರ ನಿಲ್ಲಿಸಿದ. ಅವನು ಹಿತ್ತಿಲಿನಲ್ಲಿ, ನಾನು ಹಜಾರದಲ್ಲಿ. ನಡುವೆ ಎರಡು ಗೋಡೆ, ಹನ್ನೊಂದು ಮೀಟರ್. ಅಲ್ಲಿಂದ ಅವನು ‘ಮಾಮಾ, ಗಾಳಿ ಬಂತಾ?’ ಎಂದು ಕೂಗಬೇಕು, ನಾನು ಗಾಳಿ ಕೊಳವೆಯ ಜಾಲರಿಗೆ ಕೈಯೊಡ್ಡಿ ‘ಬಂತು’ ಅಥವಾ ‘ಇಲ್ಲ’ ಎಂದು ಕೂಗಬೇಕು. ನನ್ನ ಮೊದಲ ಕೂಗು ಗಂಟಲಿನಲ್ಲೇ ನಿಂತಿತು. ಎರಡು ವಾರದಿಂದ ಆ ದನಿ ಬಳಸಿರಲಿಲ್ಲ. ‘ಏನ್ ಮಾಮ, ಕಪ್ಪೆ ನುಂಗಿದ್ರಾ? ಗಟ್ಟಿಯಾಗಿ!’ ಎಂದ. ಗಟ್ಟಿಯಾಗಿ ಕೂಗಿದೆ. ಹೀಗೆ ಇಪ್ಪತ್ತೈದು ನಿಮಿಷ. ಅವನು ಹೋದ ಮೇಲೆ ರೇಡಿಯೋ ಹಾಕಿದೆ. ರೇಡಿಯೋ ಮಾತಾಡುತ್ತದೆ, ತಿರುಗಿ ಕೇಳುವುದಿಲ್ಲ.

ನವೆಂಬರ್ ಹತ್ತೊಂಬತ್ತರಂದು ನಾನು ಮೊದಲ ಅಪರಾಧ ಮಾಡಿದೆ. ಪೆಟ್ಟಿಗೆ ಗಾಳಿ ಎಳೆದುಕೊಳ್ಳುವ ಬದಿಗೆ ಒಣ ಎಲೆ ತಂದು ತುಂಬಿದೆ. ಉಸಿರುಗಟ್ಟಿ ಯಂತ್ರ ನಿಂತಿತು. ಮೆಕ್ಯಾನಿಕ್ ಬಂದು ಎಲೆ ತೆಗೆದು, ಸುತ್ತ ಒಮ್ಮೆ ನೋಡಿ, ‘ಮಾಮ, ನಿಮ್ಮ ಹಿತ್ತಿಲಲ್ಲಿ ಒಂದೂ ಮರ ಇಲ್ಲ. ಈ ಎಲೆ ಬಸ್ಸಲ್ಲಿ ಬಂತಾ?’ ಎಂದು ಕೇಳಿದ. ಗಾಳಿಗೆ ಬಂದಿರಬೇಕು ಎಂದೆ. ‘ಗೋಣಿಚೀಲದ ಸಮೇತ ಬಂದಿದೆ, ಭಾರಿ ಗಾಳಿ’ ಎಂದ. ಚೀಲ ತೆಗೆದಿಡಲು ಮರೆತಿದ್ದೆ.

ಡಿಸೆಂಬರ್ ಎರಡರಂದು ಪೆಟ್ಟಿಗೆಯ ಮುಚ್ಚಳದ ಆರು ಸ್ಕ್ರೂ ಬಿಚ್ಚಿ, ಒಳಗಿನ ತಂತಿ ಸಡಿಲಿಸಿ, ಮತ್ತೆ ಸ್ಕ್ರೂ ಹಾಕಿದೆ. ಪ್ರತಿ ಸಲವೂ ಮೇನ್ ಸ್ವಿಚ್ ಆರಿಸಿಯೇ ಕೈ ಹಾಕಿದ್ದೇನೆ ಎಂಬುದನ್ನು ದಾಖಲಿಸಬೇಕು. ಒಂಟಿಯಾಗಿದ್ದೇನೆ, ದಡ್ಡನಲ್ಲ. ಮೆಕ್ಯಾನಿಕ್ ಬಂದು ಸ್ಕ್ರೂಗಳನ್ನು ಎಣಿಸಿದ. ಐದೇ ಇದ್ದವು. ಆರನೆಯದು ನನ್ನ ಅಂಗಿಯ ಜೇಬಿನಲ್ಲಿತ್ತು, ಅಲ್ಲಿಂದ ಅರ್ಧ ಇಣುಕುತ್ತಿತ್ತು. ಅವನು ಜೇಬು ನೋಡಿದ, ನನ್ನ ಮುಖ ನೋಡಿದ. ‘ಮಾಮ, ನಿಮ್ಮ ಇಲಿಗೆ ಸ್ಕ್ರೂಡ್ರೈವರ್ ಹಿಡಿಯೋಕೆ ಬರುತ್ತೆ. ಜಾಣ ಇಲಿ. ಸಾಯಿಸ್ಬೇಡಿ’ ಎಂದ. ಕೆಲಸದ ಚೀಟಿಯಲ್ಲಿ ‘ಇಲಿ ಕಾಟ’ ಎಂದು ಬರೆದುಕೊಂಡು ಹೋದ.

ಅಂದರೆ ಅವನಿಗೆ ಗೊತ್ತಿತ್ತು. ಆಮೇಲಿನ ಏಳು ಸಲವೂ ಗೊತ್ತಿದ್ದೇ ಬಂದ. ನಾನು ಕೆಡಿಸಿದ್ದು ನಾಲ್ಕು ನಿಮಿಷದಲ್ಲಿ ಸರಿಹೋಗುತ್ತಿತ್ತು. ಉಳಿದ ಅರ್ಧ ಗಂಟೆ ಅವನು ಕಾಯಿಲ್ಲು ತೊಳೆಯುತ್ತಿದ್ದ, ನೀರು ಹೋಗುವ ಕೊಳವೆ ಊದಿ ನೋಡುತ್ತಿದ್ದ, ತಿಂಗಳಿಗೊಮ್ಮೆ ಫಿಲ್ಟರ್ ತೊಳೆದು ನೆರಳಲ್ಲಿ ಒಣಗಿಸಬೇಕು ಎನ್ನುತ್ತಿದ್ದ. ಚಳಿಯ ಬೆಳಿಗ್ಗೆ ಯಂತ್ರ ತನ್ನ ಮೈಮೇಲಿನ ಮಂಜುಗಡ್ಡೆಯನ್ನು ತಾನೇ ಕರಗಿಸಿಕೊಳ್ಳುವಾಗ ಹಬೆ ಏಳುತ್ತದೆ, ಹೊಗೆಯೆಂದು ಹೆದರಬಾರದು ಎನ್ನುತ್ತಿದ್ದ. ಇದೆಲ್ಲ ನನಗೆ ಮೂರನೇ ಸಲಕ್ಕೇ ಬಾಯಿಪಾಠವಾಗಿತ್ತು. ಆದರೂ ಪ್ರತಿ ಸಲ ಕೇಳಿದೆ. ಪ್ರತಿ ಸಲ ಹೊಸದಾಗಿ ಹೇಳಿದ. ನನ್ನ ಯಂತ್ರದಷ್ಟು ಚೊಕ್ಕಟವಾದ ಯಂತ್ರ ಈ ಊರಿನಲ್ಲಿ ಇನ್ನೊಂದಿಲ್ಲ. ಇಷ್ಟು ಸಲ ಕೆಟ್ಟಿದ್ದೂ ಇನ್ನೊಂದಿಲ್ಲ.

ಪ್ರತಿ ಭಾನುವಾರ ಹತ್ತು ಗಂಟೆಗೆ ಅಕ್ಕ ಫೋನು ಮಾಡಿ, ‘ಬೆಚ್ಚಗಿದೀಯೇನೋ?’ ಎಂದು ಕೇಳುತ್ತಾಳೆ. ಬೆಚ್ಚಗಿದ್ದೇನೆ ಎನ್ನುತ್ತೇನೆ. ‘ಮಾತಾಡೋಕೆ ಯಾರಾದ್ರೂ ಬರ್ತಾರಾ?’ ಎಂದರೆ, ಜನರ ಕಾಟ ತಡೆಯಲಾರೆ ಎನ್ನುತ್ತೇನೆ. ಹಿಂದಿನಿಂದ ಡಾಕ್ಟರು ಏನೋ ಹಾಸ್ಯ ಮಾಡುವುದು, ಅವಳು ನಗುವುದು ಕೇಳಿಸುತ್ತದೆ. ಮೂವತ್ತೆರಡು ವರ್ಷದಲ್ಲಿ ಅವಳು ಹಾಗೆ ನಕ್ಕದ್ದು ನನಗೆ ನೆನಪಿಲ್ಲ. ನಾನು ಒಂದು ಮಾತು ಆಡಿದರೆ ಆ ನಗು ನಿಲ್ಲಿಸಿ ಗಂಟುಮೂಟೆ ಕಟ್ಟಿಕೊಂಡು ಬಂದುಬಿಡುತ್ತಾಳೆ ಎಂದು ಗೊತ್ತಿರುವುದರಿಂದ ಆ ಮಾತು ಆಡಿಲ್ಲ.

ನಿನ್ನೆ, ಮಾರ್ಚ್ ಮೂರರಂದು, ಮತ್ತೆ ತಂತಿ ಸಡಿಲಿಸಿ, ಹನ್ನೊಂದನೇ ಸಲ ಕಂಪನಿಗೆ ಫೋನು ಮಾಡಿದೆ. ಹೊಸ ಮೆಕ್ಯಾನಿಕ್ ಬಂದ. ಮೊಬೈಲಿನಲ್ಲೇ ಒತ್ತಿ, ಹೊರಗಿನಿಂದಲೇ ಒಳಗಿನ ಸ್ವಿಚ್ಚು ನಡೆಸಿದ. ನಾನು ಒಳಗೆ ಹೋಗಿ ನಿಲ್ಲಲೇ ಎಂದರೆ, ‘ನೀವ್ಯಾಕೆ? ಕೂತ್ಕೊಳ್ಳಿ’ ಎಂದ. ಏಳು ನಿಮಿಷದಲ್ಲಿ ಮುಗಿಯಿತು. ಹಳಬನೆಲ್ಲಿ ಎಂದು ಕೇಳಿದಾಗಲೇ ಈ ದೂರಿನ ವಿಷಯ ತಿಳಿದದ್ದು. ‘ಸ್ಟೇಷನ್ನಲ್ಲಿ ಎಷ್ಟು ಕೇಳಿದ್ರೂ ಇಲಿ ಇಲಿ ಅಂತಾನೆ ಸಾರ್. ಇಲಿ ಸ್ಕ್ರೂ ಬಿಚ್ಚುತ್ತಾ? ಕೆಲಸ ಹೋಗೋದು ಗ್ಯಾರಂಟಿ. ಮನೇಲಿ ಮೂರು ಮಕ್ಕಳು ಬೇರೆ’ ಎಂದ. ಅವನು ಹೋದ ಮೇಲೆ ಮನೆ ಬೆಚ್ಚಗಾಯಿತು. ನನಗೆ ಕೂರಲಾಗಲಿಲ್ಲ.

ಇಂದು ಬೆಳಿಗ್ಗೆ ಹತ್ತು ಐವತ್ತಕ್ಕೆ ಠಾಣೆಗೆ ಬಂದೆ. ಇಷ್ಟನ್ನೂ ಬರೆದುಕೊಂಡ ಮುಖ್ಯಪೇದೆಯವರು ಕಾರಣವೇನು ಎಂದು ಕೇಳಿದರು. ಸುಮ್ಮನೆ ಎಂದೆ. ‘ಸುಮ್ಮನೆ ಅಂತ ಬರೆದ್ರೆ ಕಂಪನಿಯೋರು ಬಿಡ್ತಾರಾ? ಮೆಕ್ಯಾನಿಕ್ಕೇ ಹೇಳಿಕೊಟ್ಟು ಕಳಿಸಿದಾನೆ ಅಂತಾರೆ’ ಎಂದರು. ಯಂತ್ರದ ಬಗ್ಗೆ ಕುತೂಹಲ ಎಂದು ಬರೆಯಿರಿ ಎಂದೆ. ‘ಹತ್ತು ಸಲಾನಾ?’ ಎಂದರು. ಜೊತೆಗೆ, ಯಂತ್ರ ಅಕ್ಕನ ಹೆಸರಿನಲ್ಲಿರುವುದರಿಂದ ಹೇಳಿಕೆಯ ಒಂದು ಪ್ರತಿ ಅವಳಿಗೂ ಹೋಗಲೇಬೇಕೆಂದು ತಿಳಿಸಿದರು. ವಿಳಾಸ ಮರೆತಿದೆ ಎಂದೆ. ನೂರ ನಲವತ್ತು ಕಿಲೋಮೀಟರ್ ಅಳೆದವರಿಗೆ ಮನೆ ನಂಬರ್ ಮರೆಯುವುದಿಲ್ಲ ಎಂದರು.

ಹನ್ನೊಂದು ಇಪ್ಪತ್ತರಿಂದ ಹನ್ನೊಂದು ನಲವತ್ತಮೂರರವರೆಗೆ ನಾನು ಟೇಪು ತೆಗೆದು ಠಾಣೆಯ ಮೇಜನ್ನು ಉದ್ದಗಲ ಅಳೆದೆ. ಮುಖ್ಯಪೇದೆಯವರು ಎರಡು ಚಹಾ ತರಿಸಿದರು, ಒಂದು ನನಗೆ. ಅವಸರ ಮಾಡಲಿಲ್ಲ. ಆಮೇಲೆ ವಿಳಾಸ ಕೊಟ್ಟೆ; ಕಾರಣವನ್ನು ಹೀಗೆ ಬರೆಸಿದೆ:

ಕಾರಣ: ಅಕ್ಕ ಹೋದ ಮೇಲೆ ಮನೆಯಲ್ಲಿ ನನ್ನನ್ನು ಕರೆಯುವವರು ಯಾರೂ ಇಲ್ಲ. ಯಂತ್ರ ಕೆಟ್ಟರೆ ಒಬ್ಬ ಬಂದು ಕರೆಯುತ್ತಾನೆ. ಅದಕ್ಕೆ ಕೆಡಿಸಿದೆ. ಇದರಲ್ಲಿ ಆತನದು ಯಾವ ತಪ್ಪೂ ಇಲ್ಲ. ನನ್ನ ಮಾನ ಕಾಯಲು ಇಲಿ ಎಂದದ್ದು ಬಿಟ್ಟರೆ ಆತ ಯಾವ ಸುಳ್ಳನ್ನೂ ಹೇಳಿಲ್ಲ. ಆತನನ್ನು ಕೆಲಸಕ್ಕೆ ಮರಳಿ ತೆಗೆದುಕೊಳ್ಳಬೇಕು; ನನ್ನ ಮೇಲೆ ಯಾವ ಕ್ರಮವಾದರೂ ಆಗಲಿ.

ಪ್ರತಿ ಇಂದೇ ಅಂಚೆಗೆ ಹೋಗುತ್ತದೆ. ಭಾನುವಾರಕ್ಕೆ ಮುಂಚೆ ಅಕ್ಕನ ಕೈಗೆ ಸಿಗುತ್ತದೆ. ಗೊತ್ತಿದ್ದೇ ಸಹಿ ಹಾಕುತ್ತಿದ್ದೇನೆ.

ಬರೆದದ್ದನ್ನೆಲ್ಲ ಮುಖ್ಯಪೇದೆಯವರು ನನಗೆ ಗಟ್ಟಿಯಾಗಿ ಓದಿ ಹೇಳಿದರು. ಕಾರಣದ ಸಾಲು ಬಂದಾಗ, ಪಕ್ಕದ ಬೆಂಚಿನಲ್ಲಿ ಜನ ಕೂತಿದ್ದರಿಂದ, ದನಿ ತಗ್ಗಿಸಿದರು. ತಗ್ಗಿಸಬೇಕಾಗಿಲ್ಲ, ಅದೂ ನಿಜವೇ, ಎಂದು ನಾನು ಹೇಳಿದೆ. ಅವರು ಆ ಸಾಲನ್ನು ಇನ್ನೊಮ್ಮೆ ಓದಿದರು.

ಸ್ಥಳ: ಠಾಣೆಯ ಮುಂದಿನ ಕೋಣೆ
ದಿನಾಂಕ: ಮಾರ್ಚ್ ನಾಲ್ಕು, ಹನ್ನೆರಡು ಗಂಟೆ ಐದು ನಿಮಿಷ
(ಸಹಿ)