ಕಿಟಕಿಗೆ ಕೇಳಿಸದ ಹಾಡು

೨೦೧೯ರ ಜುಲೈ ೧೬, ಮಂಗಳವಾರ, ಸಂಜೆ ನಾಲ್ಕು ಗಂಟೆ ಇಪ್ಪತ್ತು ನಿಮಿಷ. ಪೆಸಿಫಿಕ್ ಸಾಗರದ ಟೊಂಗಾ ದೇಶದ ಟೊಂಗಾಟಾಪು ದ್ವೀಪದ ಪಡುವಣ ದಂಡೆಯಲ್ಲಿ, ಊರು ಮುಗಿದ ಮೇಲೆ ಒಂಟಿಯಾಗಿ ನಿಂತಿರುವ ಹಳೆಯ ಕೊಬ್ಬರಿ ಗೋದಾಮಿನ ಬಾಗಿಲಲ್ಲಿ ಕಲೊಲೈನೆ ಫೋನು ಕಿವಿಗಿಟ್ಟುಕೊಂಡಳು. ಅವಳ ಮೈಗೆ ಎದೆಯಿಂದ ಮೀನಖಂಡದವರೆಗೆ ಸೂತಕದ ಹರಕು ಚಾಪೆ ಸುತ್ತಿತ್ತು. ಗೋದಾಮಿನೊಳಗೆ ಲೆಸಿಯೆಲಿ, ವ್ಯಾಯಾಮದ ತರಗತಿ ನಡೆಸುತ್ತಿದ್ದ ಹುಡುಗಿ, ತನ್ನ ದೊಡ್ಡ ಸ್ಪೀಕರಿನ ತಂತಿಗಳನ್ನು ಜೋಡಿಸುತ್ತಿದ್ದಳು. ಕರೆ ಹೋಗುತ್ತಿದ್ದದ್ದು ಲೆಸಿಯೆಲಿಯ ತಾಯಿಗೇ.

"ಹಲೋ... ಹಲೋ, ಯಾರು ಮಾತಾಡ್ತಿರೋದು? ... ವೈಮೊವಾನಾ ಅಕ್ಕನಾ? ಧ್ವನಿ ಗುರುತೇ ಸಿಗಲಿಲ್ಲ. ನೆಗಡಿನಾ? ... ಹಾಂ... ಹಾಂ. ಅತ್ತೂ ಅತ್ತೂ ಗಂಟಲು ಹಾಗಾಗುತ್ತೆ ಅಕ್ಕ."

"...ನಾನು, ಕಲೊಲೈನೆ. ನಿಮ್ಮ ಸೋದರಮಾವನ ಮಗಳು. ಇನ್ಯಾವ ಕಲೊಲೈನೆ ನಿಮಗೆ ಫೋನ್ ಮಾಡ್ತಾಳೆ? ... ಊಟ ಮಾಡಿದ್ರಾ? ... ಬರೀ ಕೆಸವಿನ ಗೆಡ್ಡೆನಾ? ಮೀನು ಕಳಿಸಿದ್ದೆನಲ್ಲ, ಏನಾಯ್ತು? ... ಬೆಕ್ಕಾ! ಸರಿಹೋಯ್ತು."

ವೈಮೊವಾನಾಳ ತಾಯಿ ಅಟೆಲೈಟೆ ತೀರಿಕೊಂಡು ತಿಂಗಳ ಮೇಲಾಗಿತ್ತು. ಕಲೊಲೈನೆಗೆ ಆಕೆ ಸೋದರತ್ತೆ. ಸೋದರತ್ತೆ ಸತ್ತಾಗ ಅಣ್ಣತಮ್ಮಂದಿರ ಮಕ್ಕಳು ಎಲ್ಲರಿಗಿಂತ ಕೆಳಗೆ ಕೂರಬೇಕು, ಎಲ್ಲರಿಗಿಂತ ದೊಡ್ಡ, ಎಲ್ಲರಿಗಿಂತ ಹರಕಾದ ಚಾಪೆ ಉಡಬೇಕು, ಹಾಡು ಕುಣಿತಗಳ ಹತ್ತಿರ ಸುಳಿಯಬಾರದು. ಅದನ್ನು ಸಡಿಲಿಸುವ ಮಾತು ಸತ್ತವಳ ಮಗಳ ಬಾಯಿಂದಲೇ ಬರಬೇಕು. ಕಲೊಲೈನೆ ಕರೆ ಮಾಡಿದ್ದು ಆ ಮಾತಿಗಾಗಿ. ಆದರೆ ಅಂಥ ಮಾತನ್ನು ನೆಟ್ಟಗೆ ಕೇಳುವುದು ಅವಳ ಜನರಲ್ಲಿ ಇಲ್ಲ. ಸುತ್ತಿ ಬಳಸಿ ಹೋಗಬೇಕು.

"...ಏನಿಲ್ಲ ಅಕ್ಕ, ಒಂದು ವಿಷಯ ವಿಚಾರಿಸೋಣ ಅಂತ. ಈ ಕಡೆ ಎಲ್ಲಾದ್ರೂ ವ್ಯಾಯಾಮದ ತರಗತಿ ಇದ್ಯಾ? ಹಾಡು ಹಾಕಿ ಮಾಡಿಸ್ತಾರಲ್ಲ, ಅಂಥದ್ದು... ಇಲ್ಲ ಇಲ್ಲ, ನಮ್ಮ ಲೆಸಿಯೆಲೀದು ನಿಂತಿದೆ ಅಂತ ಗೊತ್ತು. ಬೇರೆ ಎಲ್ಲಾದ್ರೂ..."

"...ಆಸ್ಪತ್ರೆ ಅಂಗಳದ್ದಾ? ಹೋಗಿದ್ದೆ. ಅಲ್ಲಿ ಹಾಕೋದು ಚರ್ಚಿನ ಹಾಡು. ಎತ್ತಿದ ಕಾಲು ಇಳಿಸೋ ಹೊತ್ತಿಗೆ ಆಮೆನ್ ಬಂದುಬಿಡುತ್ತೆ. ... ಅದಕ್ಕೂ ಹೋಗಿದ್ದೆ, ಆ ಬಿಳಿ ಹೆಂಗಸಿನ ಅತಿಥಿಗೃಹಕ್ಕೆ. ನೀರು ತೊಟ್ಟಿಕ್ಕೋ ಸದ್ದು ಹಾಕಿ ಕಣ್ಣು ಮುಚ್ಚಿ ಅಂದಳು. ಮುಚ್ಚಿದೆ. ಗೊರಕೆ ಹೊಡೆದೆನಂತೆ... ನಗಬೇಡಿ ಅಕ್ಕ. ... ನಗಿ, ಪರವಾಗಿಲ್ಲ, ನಗಿ."

ಆ ಕಡೆಯ ನಗು ಎರಡೇ ಉಸಿರಿನಷ್ಟಿತ್ತು. ಹಾಡಿಲ್ಲದೆ ಒಬ್ಬಳೇ ಸಮುದ್ರದ ದಂಡೆಯಲ್ಲಿ ನಡೆದು ನೋಡಿದ್ದನ್ನೂ ಕಲೊಲೈನೆ ಹೇಳಿದಳು. ನಾಯಿಗಳು ಅಟ್ಟಿಸಿಕೊಂಡು ಬಂದ ದಿನ ಮಾತ್ರ ಸರಿಯಾಗಿ ಬೆವರಿದ್ದಳು. ಲೆಸಿಯೆಲಿಯ ತರಗತಿಯ ರೀತಿಯೇ ಬೇರೆ ಇತ್ತು. ಅಲ್ಲಿ ಡೋಲಿನ ಏಟು ಎದೆಬಡಿತಕ್ಕಿಂತ ತುಸು ಮುಂದೆ ಓಡುತ್ತಿತ್ತು, ಎದೆ ಅದನ್ನು ಹಿಡಿಯಲು ಹೋಗುತ್ತಿತ್ತು, ಕಾಲು ಎದೆಯ ಹಿಂದೆ. ದಣಿದದ್ದು ಹಾಡು ಮುಗಿದ ಮೇಲಷ್ಟೇ ತಿಳಿಯುತ್ತಿತ್ತು. ನೂರಾ ಹನ್ನೆರಡು ಕಿಲೋದಿಂದ ತೊಂಬತ್ತೆಂಟಕ್ಕೆ ಇಳಿದದ್ದು ಆ ಹಾಡುಗಳಿಂದ.

"...ಪೇಟೇದಾ? ... ಹಾಂ. ಪೇಟೆಗೂ ಹೋಗಿದ್ದೆ."

ಒಳಗಿನಿಂದ ಲೆಸಿಯೆಲಿ ಕುತ್ತಿಗೆ ಚಾಚಿ ನೋಡಿದಳು.

"...ನಿಮಗಾಗಲೇ ಗೊತ್ತಾ? ... ಯಾರು ಹೇಳಿದ್ರು? ... ಪಾದ್ರಿಗಳ ಹೆಂಡತೀನಾ... ನಿಜ ಅಕ್ಕ. ಚಾಪೆ ಬಿಚ್ಚಿ ಕಾರಲ್ಲಿ ಮಡಚಿಟ್ಟು ಒಳಗೆ ಹೋದೆ. ಗುರುತಿನವರು ಯಾರೂ ಇರಲ್ಲ ಅಂದ್ಕೊಂಡೆ. ... ಹೌದು. ನಮ್ಮ ದ್ವೀಪದಲ್ಲಿ ಗುರುತಿಲ್ಲದ ಜಾಗ ಹುಡುಕಿದೆ ನೋಡಿ, ಅಷ್ಟು ದಡ್ಡಿ ನಾನು. ... ಒಂದೇ ಹಾಡು. ಅದನ್ನೂ ಅರ್ಧಕ್ಕೇ ಬಿಟ್ಟು ಬಂದುಬಿಟ್ಟೆ. ... ಬೈಯಿರಿ. ಬೈಯೋ ಹಕ್ಕು ನಿಮ್ಮದು."

ಬೈಗುಳ ಬಹಳ ಹೊತ್ತು ನಡೆಯಿತು. ಕಲೊಲೈನೆ ತಲೆ ತಗ್ಗಿಸಿ, ಎದುರಿಗೆ ನಿಂತವಳಂತೆ, ಹಾಂ ಹಾಂ ಎನ್ನುತ್ತ ಕೇಳಿಸಿಕೊಂಡಳು. ತಾಯಿಯ ಸಮಾಧಿಯ ಮೇಲಿನ ಮರಳು ಇನ್ನೂ ಬಿಳಿಯಾಗಿರುವಾಗ ಸೊಂಟ ಕುಣಿಸುವ ಅವಸರವೇನಿತ್ತು ಎಂಬಲ್ಲಿಗೆ ಅದು ಬಂದು ನಿಂತಿತು.

"...ಅವಸರ ನನ್ನದಲ್ಲ ಅಕ್ಕ. ಫಿಪೇದು."

"...ಹಾಂ, ನನ್ನ ತಂಗಿ ಫಿಪೆ. ... ಆಕ್ಲೆಂಡಲ್ಲೇ. ವಾರಕ್ಕೆ ಮೂರು ದಿನ ಆ ಯಂತ್ರಕ್ಕೆ ರಕ್ತ ಕೊಟ್ಟು ಮಲಗ್ತಾಳೆ, ಅದು ನಿಮಗೆ ಗೊತ್ತು. ಗೊತ್ತಿಲ್ಲದ್ದು... ನನ್ನ ಮೂತ್ರಪಿಂಡ ಅವಳಿಗೆ ಹೊಂದುತ್ತೆ. ಎಲ್ಲ ಪರೀಕ್ಷೆ ಆಗಿದೆ. ... ಯಾರಿಗೂ ಹೇಳಿರಲಿಲ್ಲ. ಆಗದೇ ಹೋದರೆ ಊರೆಲ್ಲ ಪ್ರಾರ್ಥನೆ ಮಾಡಿದ್ದು ದಂಡ ಆಗುತ್ತಲ್ಲ."

"...ತೊಂಬತ್ತೈದು ಕಿಲೋ ದಾಟಿದ್ರೆ ಕೊಯ್ಯಲ್ಲ ಅಂದಿದ್ದಾರೆ ಡಾಕ್ಟರು. ... ಇಲ್ಲ, ಹಠ ಅಲ್ಲ. ದಪ್ಪ ಮೈಯಲ್ಲಿ ಗಾಯ ಮಾಯೋದು ಕಷ್ಟವಂತೆ, ಉಳಿದ ಒಂದರ ಮೇಲೆ ಭಾರ ಜಾಸ್ತಿಯಂತೆ. ಆಗಸ್ಟ್ ಕೊನೇಲಿ ನೋಡ್ತಾರೆ. ... ಆಮೇಲಾ? ಆಮೇಲೆ ಅವಳ ಎದೆ ತಡೆಯಲ್ಲ ಅಂತಾರೆ. ಕಾಯೋಕಾಗಲ್ಲ ಅಕ್ಕ."

ಸೂತಕದ ಮನೆಗೆ ಎಲ್ಲರೂ ಹೊತ್ತು ತರುವ ಹಂದಿಮಾಂಸ, ಡಬ್ಬಿಯ ಮಾಂಸ, ತೆಂಗಿನ ಹಾಲಿನ ಅಡುಗೆ. ಬಡಿಸುವವಳು ಕೆಳಗಿನವಳೇ, ಉಳಿದದ್ದನ್ನು ಬೇಡ ಎನ್ನದೆ ತಿನ್ನಬೇಕಾದವಳೂ ಅವಳೇ. ಆ ಲೆಕ್ಕವನ್ನು ಅವಳು ಬಾಯಿಬಿಟ್ಟು ಹೇಳಲಿಲ್ಲ. ಹೇಳಿದರೆ ಸತ್ತವಳ ಅನ್ನವನ್ನು ದೂರಿದ ಹಾಗಾಗುತ್ತಿತ್ತು.

"...ನಿಯಮ ಅಂತೀರಿ. ಸರಿ. ನಿಯಮಕ್ಕೆ ದಾರಿ ಇದೆಯಲ್ಲ, ನಿಮ್ಮ ಒಂದು ಮಾತು... ಅಕ್ಕ, ಕೋಪ ಮಾಡ್ಕೋಬೇಡಿ, ಒಂದು ಕೇಳ್ತೀನಿ. ಇದು ಬರೀ ನಿಯಮ ಅಲ್ಲ, ಅಲ್ವಾ? ನಿಮಗೇ ಆ ಹಾಡು ಕೇಳೋಕಾಗ್ತಿಲ್ಲ, ಅಲ್ವಾ? ... ಅಲ್ವಾ ಅಕ್ಕ?"

"...ಹಾಂ. ... ಹೌದು, ಆ ಸ್ಪೀಕರ್ ಪಕ್ಕದಲ್ಲೇ ಕೂರ್ತಿದ್ರು ಅತ್ತೆ. ಕುರ್ಚಿ ಕಾಲಿಗೆ ಕೋಲಲ್ಲಿ ತಾಳ ಹಾಕ್ತಾ. ನಿಧಾನ ಮಾಡಿದೋಳಿಗೆ, ಏನೇ ಹೆಣ ಹೊರ್ತಿದ್ದೀಯಾ ಅಂತ... ಅಳಬೇಡಿ ಅಕ್ಕ. ... ಅಳಿ."

ತರಗತಿ ನಡೆಯುತ್ತಿದ್ದ ಸಭಾಭವನ ವೈಮೊವಾನಾಳ ಮನೆಗೆ ಒತ್ತಿಕೊಂಡೇ ಇತ್ತು. ಅಲ್ಲಿ ಹಾಡು ಹಾಕಿದರೆ ಅವಳ ಪಾತ್ರೆಗಳೂ ಗಲಗುಟ್ಟುತ್ತಿದ್ದವು. ಅದಕ್ಕೇ ಕಲೊಲೈನೆ ಮತ್ತು ಲೆಸಿಯೆಲಿ ಈ ಗೋದಾಮನ್ನು ಹುಡುಕಿದ್ದರು. ತಾಯಿಯನ್ನು ಕೇಳುವ ಧೈರ್ಯ ಲೆಸಿಯೆಲಿಗೆ ಇರಲಿಲ್ಲ. ಅಜ್ಜಿಯ ಹೆಸರೆತ್ತಿದರೆ ತಾಯಿ ಎದ್ದು ಒಳಗೆ ಹೋಗುತ್ತಿದ್ದಳು.

"...ಅಕ್ಕ, ನಾನೀಗ ಕೊಬ್ಬರಿ ಗೋದಾಮಲ್ಲಿದ್ದೀನಿ. ನಿಮ್ಮ ಮಗಳೂ ಇದ್ದಾಳೆ. ಅವಳಿಗೇನೂ ಅನ್ನಬೇಡಿ, ಹಟ ಮಾಡಿದ್ದು ನಾನು. ನಿಮ್ಮ ಕಿವಿಗೆ ಬೀಳದಷ್ಟು ದೂರ ಇದೆ ಅಂತ ನಮ್ಮ ಅಂದಾಜು. ನೀವೇ ಪರೀಕ್ಷೆ ಮಾಡಿ. ಕಡಲ ಕಡೆಯ ಕಿಟಕಿ ತೆಗೀರಿ. ಕೇಳಿಸ್ತು ಅಂದ್ರೆ ಈಗಲೇ ಗಂಟುಮೂಟೆ ಕಟ್ತೀವಿ, ಇನ್ನು ಈ ಮಾತೇ ಎತ್ತಲ್ಲ. ... ತೆಗೆದ್ರಾ?"

ಅವಳು ಕೈ ಎತ್ತಿದಳು. ಲೆಸಿಯೆಲಿ ಗುಂಡಿ ತಿರುಗಿಸಿದಳು. ತಗಡಿನ ಗೋಡೆಗಳು ಒಮ್ಮೆಗೇ ನಡುಗಿದವು. ಡೋಲಿನ ಏಟು ನೆಲದಿಂದ ಕಲೊಲೈನೆಯ ಅಂಗಾಲಿಗೆ ಹತ್ತಿತು, ಚಾಪೆಯ ಹರಕು ಅಂಚುಗಳು ತಾವಾಗಿಯೇ ಅದುರಿದವು.

"...ಅಕ್ಕ, ಈಗ? ಕೇಳಿಸ್ತಿದ್ಯಾ? ... ಏನು? ಜೋರಾಗಿ ಹೇಳಿ. ... ಕಿಟಕಿಯಿಂದ ಇಲ್ವಾ? ಅಂದ್ರೆ ಸರಿ ಆಯ್ತಲ್ಲ. ... ಮತ್ತೆ ಎಲ್ಲಿಂದ?"

ಆಗ ಹೊಳೆಯಿತು. ಫೋನು ಅವಳ ಕೈಯಲ್ಲಿತ್ತು, ಸ್ಪೀಕರು ಅವಳ ಬೆನ್ನಿಗಿತ್ತು. ಊರಾಚೆಗೆ ಸಾಗಿಸಿದ್ದ ಹಾಡನ್ನು ಅವಳೇ ಆಕೆಯ ಕಿವಿಯೊಳಗೆ ಹೊಯ್ಯುತ್ತಿದ್ದಳು. ಗಾಬರಿಯಿಂದ ಫೋನನ್ನು ಚಾಪೆಯ ಮಡಿಕೆಯೊಳಗೆ ಒತ್ತಿ ಹಿಡಿದಳು, ಮತ್ತೆ ತೆಗೆದಳು. ಲೆಸಿಯೆಲಿಯ ಕೈ ಗುಂಡಿಯ ಮೇಲೆ ಹೋಗಿತ್ತು.

"...ಅಕ್ಕ, ತಪ್ಪಾಯ್ತು. ನಿಲ್ಲಿಸ್ತೀನಿ, ಈಗಲೇ... ಏನಂದ್ರಿ? ... ಬೇಡ್ವಾ? ... ಲೆಸಿಯೆಲಿ, ಮುಟ್ಟಬೇಡ ಕಣೇ. ಇರಲಿ."

ಹಾಡು ಪೂರ್ತಿ ಓಡಿತು. ಕಲೊಲೈನೆ ಕುಣಿಯಲಿಲ್ಲ. ಫೋನನ್ನು ಕಿವಿಯಿಂದ ತುಸು ದೂರ, ಸದ್ದಿನ ಕಡೆಗೆ ಹಿಡಿದು ನಿಂತಿದ್ದಳು. ಮುಗಿದ ಮೇಲೆ ಆ ಕಡೆಯಿಂದ ಮೂಗು ಒರೆಸಿಕೊಂಡ ಸದ್ದು ಬಂತು.

"...ಹಾಂ ಅಕ್ಕ. ... ನಾಳೆಯಿಂದಲಾ? ... ನಿಜವಾಗ್ಲೂ? ... ಚಾಪೆ ನಿಮ್ಮನೇಲಿ ಬಿಚ್ಚಿಟ್ಟು ಹೋಗ್ತೀನಿ, ಮುಗಿದ ಮೇಲೆ ಬಂದು ನಿಮ್ಮ ಮುಂದೇನೇ ಸುತ್ಕೋತೀನಿ. ಕಾರಲ್ಲಿ ಇಡಲ್ಲ. ... ನೀವು ಬರೋದು ಬೇಡ ಅಕ್ಕ, ಗೊತ್ತು, ಕರೆಯಲ್ಲ. ... ಹಾಂ, ಪಾದ್ರಿಗಳ ಹೆಂಡತಿಗೆ ನೀವೇ ಹೇಳಿ, ನನ್ನಿಂದಾಗಲ್ಲ."

"...ಏನು? ... ತೂಕನಾ? ... ಇಳಿದಿಲ್ಲ ಅಕ್ಕ, ಏರಿದೆ. ಈವತ್ತು ಬೆಳಿಗ್ಗೆ ಆಸ್ಪತ್ರೇಲಿ ನೋಡಿಸಿದೆ. ... ನಿಮಗೆ ಹೇಳದೆ ಇನ್ಯಾರಿಗೆ? ... ಹಲೋ? ಅಕ್ಕ? ಕೇಳಿಸ್ತಿದ್ಯಾ? ... ಹಲೋ..."

ಕರೆ ಕಡಿದುಹೋಗಿತ್ತು. ಲೆಸಿಯೆಲಿ ಹತ್ತಿರ ಬಂದು ಎಷ್ಟು ಎಂದು ಕೇಳಿದಳು. ನೂರಾ ಒಂದು ಕಿಲೋ, ಆರುನೂರು ಗ್ರಾಂ.