ಒಳಗಿನ ಚಿಲಕ

ಮಾನ್ಯ ಅಧ್ಯಕ್ಷರೇ, ವೇದಿಕೆಯ ಮೇಲಿರುವ ಗಣ್ಯರೇ, ಕಲಾಶಾಲೆಯ ಅಧ್ಯಾಪಕರೇ, ಕುರ್ಚಿ ಸಿಗದೆ ಹಿಂದೆ ಗೋಡೆಗೆ ಒರಗಿ ನಿಂತಿರುವ ಸಭಿಕರೇ,

ಕಲಾ ಪ್ರದರ್ಶನದ ಉದ್ಘಾಟನೆಗೆ ಹಾರ್ಡ್‌ವೇರ್ ಅಂಗಡಿಯವಳನ್ನು ಏಕೆ ಕರೆದರೆಂದು ನಿಮಗೆ ಆಶ್ಚರ್ಯವಾಗಿರಬಹುದು. ನನಗೂ ಆಗಿದೆ. ಕಲಾವಿದೆ ನನ್ನ ತಂಗಿ ಎಂಬುದೊಂದೇ ನನ್ನ ಅರ್ಹತೆ. ಮೊಳೆ, ತಿರುಪು, ಚಿಲಕ ಮಾರುತ್ತಲೇ ಕೂದಲು ಬೆಳ್ಳಗಾದವಳು ನಾನು. ಚಿತ್ರದ ವಿಷಯದಲ್ಲಿ ನನಗೆ ಗೊತ್ತಿರುವುದು ಅದನ್ನು ನೇತುಹಾಕುವ ಮೊಳೆಯ ಅಳತೆ ಮಾತ್ರ.

ಆ ಮೂಲೆಯಲ್ಲಿ ಹಲಗೆಯ ಪುಟ್ಟ ಕೋಣೆ ಕಾಣುತ್ತಿದೆಯಲ್ಲ, ಅದೇ ಇವತ್ತಿನ ಕಲಾಕೃತಿ. ಒಂದು ಬಾಗಿಲು, ಒಳಗಡೆಗೆ ಒಂದು ಚಿಲಕ. ಹೆಂಗಸರು ಒಬ್ಬೊಬ್ಬರಾಗಿ ಒಳಗೆ ಹೋಗಿ ಚಿಲಕ ಹಾಕಿಕೊಳ್ಳಬೇಕು, ಬೇಕೆನಿಸುವಷ್ಟು ಹೊತ್ತು ಇರಬಹುದು, ಹೊರಗಿನವರು ಬಾಗಿಲು ಬಡಿಯುವಂತಿಲ್ಲ. "ಒಳಗೆ ಏನಿಟ್ಟಿದ್ದೀಯೇ?" ಎಂದು ಕೇಳಿದೆ.

"ಏನೂ ಇಲ್ಲ ಅಕ್ಕ."

"ಏನೂ ಇಲ್ಲದ್ದನ್ನ ನೋಡೋಕೆ ಜನ ಬರ್ತಾರಾ?"

"ನೋಡೋಕಲ್ಲ, ಇರೋಕೆ."

ಎಂಥ ಮಾತು ನೋಡಿ! ತಲೆಯಲ್ಲಿ ಹುಳ ಬಿಟ್ಟು ಹೋದಳು. ನೋವುಂಡ ಹೆಣ್ಣಿನ ಕಲೆ ಎಂದು ಅತಿಥಿಗಳು ಈಗಷ್ಟೇ ಹೇಳಿದರು. ಸರಿ, ಆದರೆ ಖಾಲಿ ಕೋಣೆ ಕಲೆ ಹೇಗಾಗುತ್ತದೆ?

ಅದಕ್ಕೆ ನಮ್ಮ ಮನೆಯ ವಿಷಯ ಸ್ವಲ್ಪ ಹೇಳಬೇಕು. ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ, ಬೇಗ ಮುಗಿಸುತ್ತೇನೆ. ನಮ್ಮಪ್ಪ ಒಳ್ಳೆಯವರು, ಆದರೆ ಮಹಾ ಹಟಮಾರಿ. ಕೋಣೆಗಳ ಒಳಚಿಲಕಗಳನ್ನೆಲ್ಲ ತಾವೇ ಬಿಚ್ಚಿ, ತೂತು ಮುಚ್ಚಿ, ಬಣ್ಣ ಬಳಿದಿದ್ದರು. "ನಮ್ಮನೇಲಿ ಮುಚ್ಚಿಡೋಕೆ ಏನಿದೆ?" ಎಂಬುದು ಅವರ ಹೆಮ್ಮೆ. ಹೀಗಾಗಿ ನಾವು ಹುಡುಗಿಯರು ಬಟ್ಟೆ ಬದಲಿಸುವಾಗ ಗಟ್ಟಿಯಾಗಿ ಹಾಡುತ್ತಿದ್ದೆವು, ಯಾರೂ ಬರದಿರಲಿ ಎಂದು. ಇಬ್ಬರದೂ ಕತ್ತೆರಾಗ. ಆದರೂ ಬೀದಿಯವರು ನಮ್ಮದು ಸಂಗೀತದ ಮನೆ ಅಂದುಕೊಂಡಿದ್ದರು! ನಗಿ, ನಗಿ. ನಾವೂ ನಗುತ್ತಿದ್ದೆವು.

ಹಾಡಿದರೂ ಬರುವವನೊಬ್ಬನಿದ್ದ. ಅಪ್ಪನ ಅಣ್ಣ, ನಮ್ಮ ದೊಡ್ಡಪ್ಪ. ಮಧ್ಯಾಹ್ನ ಎಲ್ಲರೂ ಉಂಡು ಅಡ್ಡಾದಾಗ ತಂಗಿಯ ಕೋಣೆಗೆ ಬಂದ. ಅವಳಿಗೆ ಆಗ ಹನ್ನೆರಡು ವರ್ಷ. ಇದನ್ನು ಅವಳೇ ಬಾಗಿಲ ಬಳಿಯ ಫಲಕದಲ್ಲಿ ಬರೆದಿದ್ದಾಳೆ, ನಾನು ಹೊಸದಾಗಿ ಹೇಳುತ್ತಿಲ್ಲ. ನಾನು ಆಗಷ್ಟೇ ಮದುವೆಯಾಗಿ ಹೋಗಿದ್ದೆ. ಅವಳು ಒಳಗಿನಿಂದ ಬಾಗಿಲಿಗೆ ಆನಿಸಿಟ್ಟಿದ್ದ ಕುರ್ಚಿಯ ಮೇಲಿನ ಲೋಟಗಳು ಬಿದ್ದು, ಆ ಸದ್ದಿಗೆ ಅಮ್ಮ ಎದ್ದು ಬಂದದ್ದರಿಂದ ಅವತ್ತು ತಂಗಿ ಉಳಿದಳು. ಎಲ್ಲ ದಿನವೂ ಅಮ್ಮನಿಗೆ ಎಚ್ಚರವಾಗಲಿಲ್ಲ.

ಕುರ್ಚಿ ಸುಮ್ಮನೆ ಇಟ್ಟರೆ ಸಾಲದು, ಸಭಿಕರೇ. ಅದರ ಬೆನ್ನು ಬಾಗಿಲ ಹಿಡಿಯ ಕೆಳಗೆ ಬಿಗಿಯಾಗಿ ಕೂರಬೇಕು. ಮೇಲೆ ಲೋಟದ ಮೇಲೆ ಲೋಟ, ಕೊನೆಯದರಲ್ಲಿ ಒಂದು ಚಮಚ. ಗಂಡನ ಮನೆಗೆ ಹೊರಡುವ ದಿನ ಇದನ್ನೆಲ್ಲ ಅವಳಿಗೆ ಆಟದ ಹಾಗೆ ಹೇಳಿಕೊಟ್ಟವಳು ನಾನೇ.

ಹೋದ ವಾರ ಅಂಗಡಿಗೆ ಬಂದು ಈ ಕೋಣೆಗೆ ಚಿಲಕ ಆರಿಸುತ್ತ ಕೇಳಿದಳು, "ಅಕ್ಕ, ಕುರ್ಚಿ ವಿಷ್ಯ ನಿಂಗೆ ಹೇಗೆ ಗೊತ್ತಿತ್ತು?"

"ಹಿತ್ತಾಳೇದು ತಗೋ, ತುಕ್ಕು ಹಿಡಿಯಲ್ಲ" ಅಂದೆ.

ಯಾಕೆ ಹಾಗಂದೆ? ಹೇಳಿ ಅಭ್ಯಾಸವಿಲ್ಲ. ಒಮ್ಮೆ ಅಮ್ಮನಿಗೆ ಹೇಳಹೋದೆ, "ಬಾಯಿ ಮುಚ್ಚು" ಅಂದಳು. ಮುಚ್ಚಿಡಲು ಏನೂ ಇಲ್ಲದ ಮನೆ ನೋಡಿ ನಮ್ಮದು! ಗಂಡನಿಗೆ ಹೇಳಬೇಕು ಅಂದುಕೊಳ್ಳುತ್ತಲೇ ಇದ್ದೆ, ಅವರು ತೀರಿಕೊಂಡರು.

ತಂಗೀ, ಅಲ್ಲೇ ಕೂತಿರು, ಎದ್ದು ಬರಬೇಡ. ಹೇಳಿಬಿಡ್ತೀನಿ. ನಿನಗೊಬ್ಬಳಿಗೇ ಅಂದ್ಕೊಂಡಿದ್ದೀಯ. ಅಲ್ಲ ಕಣೇ. ನಂಗೂ ಹನ್ನೆರಡೇ ವರ್ಷ. ನನ್ನ ಬಾಗಿಲಿಗೆ ಕುರ್ಚಿ ಇರಲಿಲ್ಲ, ಅದನ್ನ ಆಮೇಲೆ ಕಲಿತೆ.

ಕ್ಷಮಿಸಿ. ಬರೆದು ತಂದ ಭಾಷಣದಲ್ಲಿ ಇದು ಇರಲಿಲ್ಲ. ಒಂದು ಗುಟುಕು ನೀರು ಕುಡಿಯುತ್ತೇನೆ.

ಅಧ್ಯಕ್ಷರೇ, ರಿಬ್ಬನ್ ಕತ್ತರಿಸುವ ಕತ್ತರಿ ಅಲ್ಲೇ ಇರಲಿ. ಖಾಲಿ ಕೋಣೆಯೊಳಗೆ ಏನಾಗುತ್ತದೆಂದು ನನಗಿನ್ನೂ ತಿಳಿದಿಲ್ಲ, ಹೋಗಿಯೇ ನೋಡಬೇಕು. ಒಬ್ಬಳೇ ಹೋಗಲು ಮಾತ್ರ ಧೈರ್ಯವಿಲ್ಲ. ಬಾರೇ ತಂಗಿ, ನಿನ್ನ ನಿಯಮ ಇವತ್ತೊಂದು ಸಲ ಮುರಿಯೋಣ, ಇಬ್ಬರೂ ಹೋಗೋಣ. ಚಿಲಕ ನಾನು ಹಾಕ್ತೀನಿ.

ಎಷ್ಟು ಹೊತ್ತಾಗುತ್ತದೋ ಗೊತ್ತಿಲ್ಲ. ಆದ್ದರಿಂದ ಹೊರಗೆ ಕಾಯುವ ನಿಮ್ಮೆಲ್ಲರಿಗೂ ಈಗಲೇ ಧನ್ಯವಾದ ಹೇಳಿಬಿಡುತ್ತೇನೆ. ನಮಸ್ಕಾರ.